ಬೆಳಗ್ಗೆ ಉದ್ಯಾನ, ಮಧ್ಯಾಹ್ನ ಹಳಿ

ಅಮೆರಿಕದ ಯೂಟಾ ರಾಜ್ಯದ ರಾಷ್ಟ್ರೀಯ ಉದ್ಯಾನಗಳನ್ನೂ ಹಳೆಯ ರೈಲು ತಾಣಗಳನ್ನೂ ಮಕ್ಕಳೊಂದಿಗೆ ಒಂದೇ ಸುತ್ತಿನಲ್ಲಿ ಕಾರಿನಲ್ಲಿ ನೋಡಿಬರುವುದು ಆಗದ ಮಾತೆಂದು ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಬಳಗದವರೆಲ್ಲ ಹೇಳಿದ್ದರು. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ ಎಂದಿದ್ದ ಭಾವನವರ ಮಾತು 2022ರಲ್ಲಿ ಅಕ್ಷರಶಃ ನಿಜವಾಯಿತು. ಆ ಏಪ್ರಿಲ್‌ನಲ್ಲಿ ಮೋಆಬ್ ಊರಿನಲ್ಲಿ ರಾತ್ರಿಗೆ ಸುಮಾರು 300 ಡಾಲರ್ ತೆತ್ತು ಉಳಿದು, ನಿಧಾನವಾಗಿ ತಿಂಡಿ ಮುಗಿಸಿ ಕಲ್ಲಿನ ಕಮಾನುಗಳ ಆರ್ಚಸ್ ಉದ್ಯಾನಕ್ಕೆ ಹೋದರೆ, ಸಮಯ ಕಾಯ್ದಿರಿಸಿಕೊಳ್ಳದ ನಾವು ಬಾಗಿಲಿನಿಂದಲೇ ಕಾರು ತಿರುಗಿಸಬೇಕಾಯಿತು. ಅಲ್ಲಿಂದ, ಹಬೆ ಎಂಜಿನ್‌ಗಳನ್ನು ಓಡಿಸಿ ತೋರಿಸುವ ರೈಲು ತಾಣ ಪ್ರೊಮಾಂಟರಿಗೆ ಓಡಿದರೆ, ಚಳಿಗಾಲದ ದುರಸ್ತಿ ಮುಗಿಯದೆ ಅಲ್ಲಿನ ಎರಡೂ ಎಂಜಿನ್‌ಗಳು ಶೆಡ್ಡಿನಲ್ಲೇ ಇದ್ದವು. ತಪ್ಪು ನನ್ನದೇ, ಕಳೆದದ್ದು ಹೆಚ್ಚು ಕಡಿಮೆ 3,000 ಡಾಲರ್.

2024ರ ಜೂನ್‌ನಲ್ಲಿ ನಾನು ಬದಲಾಯಿಸಿದ್ದು ಉಳಿಯುವ ಊರುಗಳನ್ನು. ಉದ್ಯಾನದ ಬಾಗಿಲಿನ ಊರುಗಳನ್ನು ಬಿಟ್ಟು, ರೈಲಿನಿಂದ ಹುಟ್ಟಿದ ಊರುಗಳನ್ನು ಹಿಡಿದೆ. ಆರ್ಚಸ್‌ಗೆ ಐವತ್ತು ಮೈಲಿ ದೂರದ ಗ್ರೀನ್ ರಿವರ್‌ನಲ್ಲಿ ಅರ್ಧ ಬೆಲೆಗೂ ಕಡಿಮೆಯಲ್ಲಿ ಕೋಣೆ ಸಿಕ್ಕಿತು. ಆ ವರ್ಷ ಬೆಳಗ್ಗೆ 7ಕ್ಕೆ ಮೊದಲು ಒಳಹೊಕ್ಕವರಿಗೆ ಕಾಯ್ದಿರಿಸುವಿಕೆ ಬೇಕಿರಲಿಲ್ಲವಾದ್ದರಿಂದ, ನಿದ್ದೆಗಣ್ಣಿನ ಮಕ್ಕಳನ್ನು ಹೊದಿಕೆ ಸಮೇತ ಕಾರಿಗೆ ಹಾಕಿ ನಾಲ್ಕೂವರೆಗೇ ಹೊರಟೆ. ಬಿಸಿಲೇರುವ ಮೊದಲೇ ಕಮಾನುಗಳನ್ನು ನೋಡಿ, ಮಧ್ಯಾಹ್ನ ಹೆಲ್ಪರ್ ಊರಿನ ಗಣಿ ಮತ್ತು ರೈಲು ವಸ್ತುಸಂಗ್ರಹಾಲಯದ ನೆರಳು ಸೇರಿದೆವು. ಘಾಟಿ ಹತ್ತುವ ಗಾಡಿಗಳಿಗೆ ಇಲ್ಲಿ ಜೋಡಿಸುತ್ತಿದ್ದ ಸಹಾಯಕ ಎಂಜಿನ್‌ಗಳಿಂದಲೇ ಈ ಊರಿಗೆ ಆ ಹೆಸರು ಬಂದಿದೆ.

ಊಟದ ಪ್ರಯೋಗವೊಂದನ್ನೂ ಹೇಳಬೇಕು. ಇನ್ವರ್ಟರ್ ಇಟ್ಟು ಕಾರಿನಲ್ಲೇ ಅನ್ನ ಮಾಡಲು ಹೋಗಿ ಮೊದಲ ದಿನವೇ ಫ್ಯೂಸ್ ಸುಟ್ಟುಕೊಂಡೆ. ಆರು ಸಾವಿರ ಅಡಿ ಮೀರಿದ ಎತ್ತರದಲ್ಲಿರುವ, ನೆವಾಡಾದ ಈಲಿ ಊರಿನಲ್ಲಿ ಕೋಣೆಯ ಪ್ಲಗ್ಗಿಗೆ ಕುಕ್ಕರ್ ಹಾಕಿದರೂ ಅಕ್ಕಿ ನಡುವೆ ಗಟ್ಟಿಯಾಗೇ ಉಳಿಯಿತು. ಅಕ್ಕಿಯನ್ನು ಒಂದು ಗಂಟೆ ನೆನೆಸಿದ ಮೇಲೆ ಸರಿಹೋಯಿತಾದರೂ, ಪ್ರವಾಸವನ್ನು ನಿಜವಾಗಿ ಕಾಪಾಡಿದ್ದು ಮೊಸರವಲಕ್ಕಿ.

ಹೆಲ್ಪರ್ ನೋಡಿದ ಮರುದಿನ ಪ್ರೊಮಾಂಟರಿ. ಬ್ರಿಗಮ್ ಸಿಟಿಯಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. 1869ರ ಮೇ 10ರಂದು ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಮತ್ತು ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪನಿಗಳು ಹಾಕುತ್ತ ಬಂದ ಹಳಿಗಳು ಕೂಡಿದ ಜಾಗದಲ್ಲಿ ಜುಪಿಟರ್ ಮತ್ತು 119 ಎಂಜಿನ್‌ಗಳ ಪ್ರತಿರೂಪಗಳು ಈ ಬಾರಿ ಮುಖಾಮುಖಿಯಾಗಿ ನಿಂತಿದ್ದವು. ಜುಪಿಟರ್ ಸೌದೆ ಸುಡುತ್ತದೆ, 119 ಕಲ್ಲಿದ್ದಲು. ಗಾಳಿ ತಿರುಗಿದಂತೆ ಒಮ್ಮೆ ಬಚ್ಚಲೊಲೆಯ ವಾಸನೆ, ಒಮ್ಮೆ ಗಂಧಕದ ಘಾಟು. ಮೂಲ ಹಳಿಗಳನ್ನು 1942ರಲ್ಲಿ ಯುದ್ಧದ ಕಬ್ಬಿಣಕ್ಕಾಗಿ ಕಿತ್ತೊಯ್ದಿದ್ದರೂ ಮಣ್ಣಿನ ಏರಿ ಉಳಿದಿದ್ದು, ಅದರ ಮೇಲೆ ನಮ್ಮ ಕಾರನ್ನೇ ಓಡಿಸಲು ಬಿಡುತ್ತಾರೆ.

ಪಕ್ಕದಲ್ಲೇ ಇನ್ನೊಂದು ಏರಿ ಯಾಕಿದೆ ಎಂದು ಮಗ ಕೇಳಿದ. ಸರ್ಕಾರ ಮೈಲಿ ಲೆಕ್ಕದಲ್ಲಿ, ನೆಲ ನೋಡಿ 16,000ದಿಂದ 48,000 ಡಾಲರ್‌ವರೆಗೆ ಸಾಲಪತ್ರ ಕೊಡುತ್ತಿದ್ದುದರಿಂದ ಎರಡೂ ಕಂಪನಿಗಳ ಆಳುಗಳು ಒಬ್ಬರನ್ನೊಬ್ಬರು ದಾಟಿ ಮಣ್ಣು ಹಾಕುತ್ತಲೇ ಹೋದರೆಂದು ವಿವರಿಸಿದೆ. "ಹಾಗಾದರೆ ಅವರೂ ನಿಮ್ಮ ಹಾಗೇ ದುಡ್ಡು ಹಾಳು ಮಾಡಿದ್ದಾರೆ" ಎಂದ.

ಒಂಬತ್ತು ದಿನಕ್ಕೆ, 80 ಡಾಲರಿನ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸೂ ಸೇರಿ, 2,000 ಡಾಲರ್ ಆಸುಪಾಸಿನಲ್ಲಿ ಮುಗಿಯಿತು. ಭಾವ ಈಗ ವೇಳಾಪಟ್ಟಿ ಕೇಳುತ್ತಿದ್ದಾರೆ. ಕಳಿಸಿದ್ದೇನೆ, ಹೆಲ್ಪರ್‌ನಲ್ಲಿ ನಾವು ಉಳಿದ, ಕಿಟಕಿಯಿಂದಲೇ ರೈಲು ಕಾಣುವ ಕೋಣೆಯ ವಿಳಾಸವೊಂದನ್ನು ಬಿಟ್ಟು.