ಮಕ್ಕಳಿರುವ ಇಬ್ಬರ ಪ್ರೇಮಕಥೆಯನ್ನು ನಾನು ಬರೆದದ್ದು ಹೀಗೆ

ಇಂಥ ಕಥೆಗಳಲ್ಲಿ ಎರಡು ಸುಲಭದ ದಾರಿಗಳಿವೆ. ಒಂದು, ಹಳೆಯ ಗಂಡನನ್ನೋ ಹೆಂಡತಿಯನ್ನೋ ಕಥೆ ಶುರುವಾಗುವ ಮುಂಚೆಯೇ ಸಾಯಿಸಿಬಿಡುವುದು. ಇನ್ನೊಂದು, ಮುದ್ದು ಮಗುವೊಂದು ತಾನೇ ಓಡಾಡಿ ಇಬ್ಬರನ್ನೂ ಸೇರಿಸುವುದು. ನನ್ನ ಧಾರಾವಾಹಿ ಕಾದಂಬರಿಗೆ ಎರಡನೆಯದು ಬೇಡವೇ ಬೇಡ ಅಂದುಕೊಂಡೆ. ಮೊದಲನೆಯದನ್ನು ಅರ್ಧ ಮಾತ್ರ ಒಪ್ಪಿಕೊಂಡೆ. ನಾಯಕ ಗಿರೀಶನ ಹೆಂಡತಿ ತೀರಿಕೊಂಡಿದ್ದಾಳೆ, ಹದಿಮೂರು ವರ್ಷದ ಮಗನಿದ್ದಾನೆ. ನಾಯಕಿ ಸವಿತಾಳಿಗೆ ವಿಚ್ಛೇದನ ಆಗಿದೆ, ಎಂಟು ವರ್ಷದ ಮಗಳಿದ್ದಾಳೆ. ಅವಳ ಮಾಜಿ ಗಂಡ ಬದುಕಿದ್ದಾನೆ, ಕೆಟ್ಟವನೂ ಅಲ್ಲ. ಭಾನುವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾನೆ.

ಮೊದಲು ಬರೆದದ್ದು ಕಥೆಯಲ್ಲ, ಇಬ್ಬರ ಟೈಮ್‌ಟೇಬಲ್. ಶಾಲೆಯ ವ್ಯಾನ್ ಎಷ್ಟಕ್ಕೆ, ಟ್ಯೂಷನ್ ಎಷ್ಟಕ್ಕೆ, ರಾತ್ರಿ ಚಪಾತಿ ಯಾರು ಲಟ್ಟಿಸುತ್ತಾರೆ, ಹೀಗೆ. ಎಲ್ಲ ತುಂಬಿದ ಮೇಲೆ ಪ್ರೀತಿಸೋಕೆ ಟೈಮೇ ಉಳಿಯಲಿಲ್ಲ! ಉಳಿದದ್ದು ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು. ಸುಮಾರು 22 ಕಿಲೋಮೀಟರ್ ದಾರಿ, ಎ.ಸಿ. ಬಸ್ಸು, ಬೆಳಗಿನ ಹೊತ್ತು ನಿಂತುಕೊಂಡೇ ಹೋಗಬೇಕು. ಅವರ ಪ್ರೇಮ ಪೂರ್ತಿ ಅಲ್ಲೇ ನಡೆಯಲಿ ಅಂತ ಬಿಟ್ಟೆ. ಒಬ್ಬರು ಇಳಿಯಬೇಕಾದ ಸ್ಟಾಪ್ ಬರುತ್ತಿದೆ ಅಂದರೆ ಮಾತು ತಾನಾಗಿಯೇ ಮೊನಚಾಗುತ್ತದೆ.

ನಾಲ್ಕೂ ಜನ ಮೊದಲ ಸಲ ಒಟ್ಟಿಗೆ ಸೇರುವ ಅಧ್ಯಾಯಕ್ಕೆ ಹೋಟೆಲ್, ಪಾರ್ಕ್ ಯಾವುದೂ ಹಿಡಿಸಲಿಲ್ಲ. ಎದುರುಬದುರು ಕೂತರೆ ಮಕ್ಕಳು ಸಂದರ್ಶನಕ್ಕೆ ಬಂದವರ ಹಾಗೆ ಬಿಗಿಯಾಗಿಬಿಡುತ್ತಾರೆ. ನಡೆಸಬೇಕಿತ್ತು. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ರೈಲಿನ ಹುಚ್ಚಿನ ಹುಡುಗ ಅದನ್ನು ಈ ತುದಿಯಿಂದ ಆ ತುದಿಗೆ ಅಳೆಯಬೇಕು ಅಂತ ಹಟ ಹಿಡಿಯುತ್ತಾನೆ. ದೊಡ್ಡವರು ಹಿಂದೆ ಬೀಳುತ್ತಾರೆ. ಮಕ್ಕಳಿಬ್ಬರೂ ಮುಂದೆ, ನಡುವೆ ಮಾತೇ ಇಲ್ಲ. ಅರ್ಧ ದಾರಿ ದಾಟಿದ ಮೇಲೆ ಹುಡುಗಿ ಕೇಳುತ್ತಾಳೆ, ‘ನಿಮ್ಮಪ್ಪ ನಮ್ಮನ್ಯಾಗ ಎಷ್ಟ್ ದಿನಾ ಇರ್ತಾನ?’ ಆ ಒಂದು ಸಾಲಿಗಾಗಿ ಅಷ್ಟುದ್ದ ನಡೆಸಿದೆ.

ನನ್ನ ನಂಬಿಕೆ ಇಷ್ಟೇ: ಮಗು ‘ಬೇಡ’ ಅನ್ನುವ ಹಕ್ಕು ಇಟ್ಟುಕೊಂಡಿದ್ದರೆ ಮಾತ್ರ ಇಂಥ ಪ್ರೇಮಕಥೆಗೆ ಬಿಸಿ ಬರುತ್ತದೆ. ಅತ್ತೆ, ಊರು, ಜಾತಿ ಎಲ್ಲವನ್ನೂ ಜಗಳವಾಡಿ ಗೆಲ್ಲಬಹುದು. ಎಂಟು ವರ್ಷದ ಹುಡುಗಿ ಅಮ್ಮನ ಪಕ್ಕ ಮಲಗುವ ಜಾಗ ಬಿಡಲ್ಲ ಅಂದರೆ? ಅದಕ್ಕೇ ಪ್ರತಿ ಮಗುವೂ ಏನನ್ನು ಕಳೆದುಕೊಳ್ಳಲು ಸಿದ್ಧವಿಲ್ಲ ಅಂತ ಬರೆದಿಟ್ಟುಕೊಂಡೆ. ಹುಡುಗಿಯದು ಆ ಹಾಸಿಗೆ. ಹುಡುಗನದು ಅಡುಗೆಮನೆಯ ಪಾತ್ರೆಗಳು.

ನಮ್ಮ ಕಡೆ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುತ್ತಾರಲ್ಲ, ಹಾಗೆ ಗಿರೀಶನ ಮನೆಯ ಪ್ರತಿ ಡಬ್ಬಿ, ತಟ್ಟೆಯ ಮೇಲೂ ತೀರಿಹೋದವಳ ಹೆಸರಿದೆ. ಸವಿತಾಳ ಪಾತ್ರೆಗಳ ಮೇಲೆ ಅವಳ ಮಾಜಿ ಗಂಡನ ಹೆಸರೂ ಇದೆ, ಮದುವೆಯಲ್ಲಿ ಬಂದದ್ದು. ಎರಡು ಮನೆಯ ಪಾತ್ರೆ ಒಂದೇ ಕಪಾಟಿಗೆ ಬಂದಾಗ ಏನಾಗುತ್ತದೆ? ಸವಿತಾ ತನ್ನದನ್ನೆಲ್ಲ ಅಂಗಡಿಗೆ ಹಾಕಿ ಬದಲಾಯಿಸುತ್ತಾಳೆ. ಅವನದನ್ನು ಮುಟ್ಟುವುದಿಲ್ಲ. ಒಂದು ದಿನ ಸಾರಿನ ಡಬ್ಬಿ ತಿಕ್ಕುತ್ತಾ ಆ ಹೆಸರಿನ ಮೇಲೆ ಬೆರಳು ಹೋದಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಸತ್ತವಳ ಮೇಲೆ! ನಾಯಕಿ ಹೀಗೆ ಸಣ್ಣವಳಾಗಬಾರದು ಅಂತ ಕೆಲವು ಓದುಗರು ಬೇಸರ ಮಾಡಿಕೊಂಡರು. ನನಗೆ ಅವಳು ಇಷ್ಟವಾದದ್ದೇ ಅಲ್ಲಿ.

ಕಾನೂನನ್ನು ಓದಿಯೇ ಬರೆದೆ, ಸುಮ್ನೆ ಊಹಿಸಲಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಮಲತಂದೆ, ಮಲತಾಯಿ ಸಹಜ ಪಾಲಕರಲ್ಲ. ಇದು ಕಥೆಗೆ ಬಲು ಉಪಯೋಗಕ್ಕೆ ಬಂತು. ಹುಡುಗಿಯನ್ನು ಸಾಕುವವನು ಗಿರೀಶ, ಜ್ವರ ಬಂದಾಗ ರಾತ್ರಿಯಿಡೀ ಕೂರುವವನು ಅವನು, ಪಾಲಕರ ಸಹಿ ಅಂದಾಗ ಮಾತ್ರ ಪೆನ್ನು ಕೆಳಗಿಡಬೇಕು. ದತ್ತು ತೆಗೆದುಕೊಳ್ಳೋಣ ಅಂದರೆ ಹೆತ್ತ ತಂದೆಯ ಒಪ್ಪಿಗೆ ಬೇಕು. ಅವನು ಕೊಡಲ್ಲ, ಯಾಕೆ ಕೊಡಬೇಕು? 2022ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಮರುಮದುವೆಯಾದ ವಿಧವೆ ತನ್ನ ಮಗುವಿನ ಮನೆತನದ ಹೆಸರನ್ನು ತಾನೇ ನಿರ್ಧರಿಸಬಹುದು ಅಂದಿತು. ದಾಖಲೆಗಳಲ್ಲಿ ಹೊಸ ಗಂಡನನ್ನು ‘ಮಲತಂದೆ’ ಎಂದು ಬರೆಸುವುದು ಕ್ರೂರ ಅಂತಲೂ ಹೇಳಿತು. ಆದರೆ ಅಲ್ಲಿ ಹೆತ್ತ ತಂದೆ ತೀರಿಕೊಂಡಿದ್ದ. ನನ್ನ ಕಥೆಗೆ ಅದು ಹೊಂದುತ್ತಿರಲಿಲ್ಲ, ಬಿಟ್ಟೆ.

ಅಜ್ಜಿಯ ಪಾತ್ರವನ್ನು ‘ಎರಡನೇ ಮದುವೆಯಾ?’ ಅಂತ ಎದೆ ಹಿಡಿದುಕೊಳ್ಳುವವಳನ್ನಾಗಿ ಮಾಡಲಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಉಡಿಕೆ, ಅಂದರೆ ಹೆಣ್ಣಿನ ಮರುಮದುವೆ, ಹಿಂದಿನಿಂದಲೂ ಇತ್ತು. ಅವಳ ಪ್ರಶ್ನೆ ಬೇರೆ: ‘ಮದ್ವಿ ಆಗ್ರಿ. ಹೊಲ ಯಾರ ಹೆಸರಿಗೆ?’ ಮಲಮಗಳಿಗೆ ಮಲತಂದೆಯ ಆಸ್ತಿಯಲ್ಲಿ ಮಗಳಂತೆ ಪಾಲು ತಾನಾಗಿ ಬರುವುದಿಲ್ಲ, ವಿಲ್ ಬರೆದರೆ ಮಾತ್ರ ಆ ಮಾತು. ಅಜ್ಜಿಗೆ ಇದು ವಕೀಲರಿಗಿಂತ ಚೆನ್ನಾಗಿ ಗೊತ್ತು.

ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯಡಿ ಮಾಡಿಸಿದೆ. ಅದರಲ್ಲಿ 30 ದಿನದ ನೋಟಿಸ್ ಇರುತ್ತದೆ. ಕಥೆ ಬರೆಯುವವಳಿಗೆ ಅದಕ್ಕಿಂತ ಒಳ್ಳೆಯ ಗಡಿಯಾರ ಬೇಕಾ? ಕೊನೆಯ ಕಂತುಗಳೆಲ್ಲ ಆ ತಿಂಗಳಲ್ಲೇ ನಡೆಯುತ್ತವೆ. ಹುಡುಗಿ ಅಪ್ಪನ ಮನೆಗೆ ಹೋಗಿ ಕೂರುತ್ತಾಳೆ, ಹುಡುಗ ಪಾತ್ರೆಗಳನ್ನು ಟ್ರಂಕಿಗೆ ತುಂಬಿ ಬೀಗ ಹಾಕುತ್ತಾನೆ, ಸವಿತಾ ಎರಡು ಸಲ ‘ಬೇಡ ಬಿಡಿ’ ಅನ್ನುತ್ತಾಳೆ. ಹುಡುಗಿ ಕೊನೆಗೆ ಗಿರೀಶನನ್ನು ‘ಅಪ್ಪಾ’ ಅನ್ನಲಿ ಅಂತ ತುಂಬ ಜನ ಕೇಳಿದರು. ಅನ್ನಿಸಲಿಲ್ಲ. ಅವಳಿಗೆ ಒಬ್ಬ ಅಪ್ಪ ಇದ್ದಾನಲ್ಲ.

ಮದುವೆಗೆ ಮೂರು ಸಾಕ್ಷಿ ಬೇಕು. ಇಬ್ಬರು ಸುಲಭವಾಗಿ ಸಿಕ್ಕರು, ಮೂರನೆಯವಳಾಗಿ ಅಜ್ಜಿ ಬಂದಳು. ಸಹಿ ಹಾಕುವ ಮುಂಚೆ ಕಚೇರಿಯಲ್ಲೇ ಮತ್ತೆ ಹೊಲದ ಮಾತು ತೆಗೆದಳು. ಆ ಜಗಳವನ್ನು ಎರಡನೇ ಭಾಗಕ್ಕೆ ಇಟ್ಟುಕೊಂಡಿದ್ದೇನೆ.