ಬ್ರಾಯ್ಲರ್ ಫೀಡಿಗೆ ಅರಿಶಿಣ: ಹಾವೇರಿಯಲ್ಲಿ ನನ್ನ ಅನುಭವ

ಫೀಡಿಗೆ ಅರಿಶಿಣ ಬೆರೆಸಲು ಆರಂಭಿಸಿದಾಗ ನಮ್ಮೂರಿನ ಫೀಡ್ ವ್ಯಾಪಾರಿಯೊಬ್ಬರು, “ಏನ್ರೀ, ಕೋಳಿಗೆ ಅರಿಶಿಣ ಹಚ್ಚಿ ಲಗ್ನ ಮಾಡ್ತೀರೇನ?” ಎಂದು ನಕ್ಕಿದ್ದರು. ಈಗ ಪ್ರಮಾಣ ಕೇಳಿ ಅವರೇ ಫೋನ್ ಮಾಡುತ್ತಾರೆ.

ಕೇಂದ್ರ ಸರ್ಕಾರವು 2019ರಲ್ಲಿ ಕೋಳಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿದ ಮೇಲೆ, ಬದಲಿಗೆ ಬಂದ ಔಷಧಗಳಿಗೆ ಪ್ರತಿ ಕೋಳಿಗೆ ಸುಮಾರು ಆರು ರೂಪಾಯಿ ತಗಲುತ್ತಿತ್ತು. ಹಾಗಾಗಿಯೇ ನಾನು ಗಿಡಮೂಲಿಕೆಗಳತ್ತ ಹೊರಳಿದೆ. ಬೆಳ್ಳುಳ್ಳಿ ಕಷಾಯವನ್ನು ನೀರಿನ ಟ್ಯಾಂಕಿಗೆ ಸುರಿದಾಗ ಅದರ ಚರಟ ಕೋಳಿಗಳು ನೀರು ಕುಡಿಯುವ ನಿಪ್ಪಲ್‌ಗಳಲ್ಲಿ ಕಟ್ಟಿಕೊಂಡು, ಲೈನಿನ ಕೊನೆಯಲ್ಲಿದ್ದ ಮರಿಗಳು ಬಾಯಾರಿ ಒಂದರ ಮೇಲೊಂದು ಬಿದ್ದವು. ಪೈಪುಗಳನ್ನು ಬಿಚ್ಚಿ ತೊಳೆಸಿದ ಕೂಲಿಯೇ ಒಂದು ಚೀಲ ಫೀಡಿನ ಬೆಲೆಯಷ್ಟಾಯಿತು. ಬೆಳ್ಳುಳ್ಳಿಯನ್ನು ಒಣಗಿಸಿ ಪುಡಿ ಮಾಡಿ ಹಾಕೋಣವೆಂದರೆ, 2024ರ ಆರಂಭದಲ್ಲಿ ಅದರ ದರ ಕಿಲೋಗೆ ನಾನೂರು ದಾಟಿ ಆ ಯೋಚನೆ ಅಲ್ಲಿಗೇ ನಿಂತಿತು. ಬೇವಿನ ಎಲೆಯ ಪುಡಿ ಪುಕ್ಕಟೆ ಸಿಗುತ್ತದೆ, ಆದರೆ ಪ್ರಮಾಣ ಸ್ವಲ್ಪ ಹೆಚ್ಚಿದರೂ ಕಹಿಗೆ ಕೋಳಿಗಳು ತಿನ್ನುವುದನ್ನೇ ಕಡಿಮೆ ಮಾಡುತ್ತವೆ, ತೂಕವೂ ಇಳಿಯುತ್ತದೆ.

ಕೊನೆಗೆ ಉಳಿದದ್ದು ಅರಿಶಿಣ, ನುಗ್ಗೆ ಎಲೆ ಮತ್ತು ಚಿಟಿಕೆ ಕಾಳುಮೆಣಸು. ಒಂದು ಟನ್ ಫೀಡಿಗೆ ಅಂದಾಜು ನಾಲ್ಕು ಕಿಲೋ ಅರಿಶಿಣ ಬೇಕು. ಅಂಗಡಿಯ ಪುಡಿಯಲ್ಲಿ ಬಣ್ಣ ಬೆರೆತಿರುವ ಅನುಮಾನವಿರುವುದರಿಂದ, ಬೆರಳು ಅರಿಶಿಣಕ್ಕಿಂತ ಅಗ್ಗವಾದ ಗಡ್ಡೆ ಅರಿಶಿಣ ತಂದು ಗಿರಣಿಯಲ್ಲಿ ಬೀಸಿಸುತ್ತೇನೆ. ಒಣ ಪುಡಿಯನ್ನು ಹಾಗೆಯೇ ಬೆರೆಸಿದರೆ ಕೋಳಿಗಳು ಮೆಕ್ಕೆಜೋಳದ ನುಚ್ಚನ್ನು ಆರಿಸಿ ತಿಂದು ಹಳದಿ ಧೂಳನ್ನು ಫೀಡರಿನ ತಳದಲ್ಲಿ ಬಿಡುತ್ತವೆ. ಆದ್ದರಿಂದ ಮೊದಲು ಪುಡಿಗೆ ಎಣ್ಣೆಯ ಪಸೆ ಹಿಡಿಸಿ, ಹತ್ತಿಪ್ಪತ್ತು ಕಿಲೋ ನುಚ್ಚಿನಲ್ಲಿ ಅಂಗೈಯಿಂದ ತಿಕ್ಕಿ, ಪ್ರತಿ ಕಾಳೂ ಹಳದಿಯಾದ ಮೇಲೆ ಮಿಕ್ಸರಿಗೆ ಹಾಕಬೇಕು. ಯಾವ ಎಣ್ಣೆ, ಕಾಳುಮೆಣಸು ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಶೆಡ್ಡಿನ ನಡುವೆ ಜಾಲರಿ ಕಟ್ಟಿ ಎರಡೂ ಕಡೆ ಸಾವಿರದಷ್ಟು ಮರಿಗಳನ್ನು ಬಿಟ್ಟು, ಒಂದು ಕಡೆಗಷ್ಟೇ ಅರಿಶಿಣದ ಫೀಡ್ ಹಾಕಿ ನೋಡಿದ್ದೇನೆ. ಮಾರುವ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಗಿಡಮೂಲಿಕೆಯಿಂದ ಕೋಳಿ ಉಬ್ಬುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ಬೇಕಾಗುವ ಫೀಡಿನ ಕಿಲೋ ಲೆಕ್ಕ) 1.75ರ ಆಸುಪಾಸಿನಿಂದ 1.68ಕ್ಕೆ ಇಳಿಯಿತು, ಸಾವಿನ ಪ್ರಮಾಣ ಶೇಕಡಾ ಆರರಿಂದ ನಾಲ್ಕಕ್ಕೆ ಬಂತು, ಹಿಕ್ಕೆ ಗಟ್ಟಿಯಾಗಿ ಶೆಡ್ಡಿನ ನೆಲದ ಹಾಸು (ಲಿಟ್ಟರ್) ಒಣಗಿಯೇ ಉಳಿಯಿತು. ಮೂಲಿಕೆಗೆ ಕೋಳಿಗೆ ಎರಡೂವರೆ ರೂಪಾಯಿ, ಔಷಧಕ್ಕೆ ಎರಡು ರೂಪಾಯಿ ಹಿಡಿದರೂ ಹಿಂದಿಗಿಂತ ಕಡಿಮೆಯೇ. ನಿಜವಾದ ಲಾಭ ಉಳಿತಾಯವಾದ ಫೀಡಿನಲ್ಲಿದೆ. ಕೊಕ್ಕರೆ ರೋಗದ ಲಸೋಟಾ ಲಸಿಕೆ, ಗಂಬೋರೊ ರೋಗದ ಲಸಿಕೆಗಳನ್ನು ಮಾತ್ರ ಎಂದೂ ಬಿಟ್ಟಿಲ್ಲ, ಅರಿಶಿಣ ಅವುಗಳ ಜಾಗಕ್ಕೆ ಬರುವುದಿಲ್ಲ. ಮಳೆಗಾಲದ ಹಸಿ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿದ್ದರೆ ಯಾವ ಮೂಲಿಕೆಯೂ ಕಾಯುವುದಿಲ್ಲ.

ಹಿತ್ತಲಲ್ಲಿರುವ ಕೆಲವು ಗಿರಿರಾಜ ಹೇಂಟೆಗಳಿಗೆ ಬ್ಯಾಡಗಿ ಮೆಣಸಿನಕಾಯಿಯ ಒಡಕು ಚೂರುಗಳನ್ನೂ ಹಾಕಿ ನೋಡಿದೆ. ಪಕ್ಷಿಗಳಿಗೆ ಖಾರ ತಟ್ಟುವುದಿಲ್ಲವಾದ್ದರಿಂದ ಅವು ನಿರಾತಂಕವಾಗಿ ತಿಂದವು, ಎರಡು ವಾರದೊಳಗೆ ತತ್ತಿಯೊಳಗಿನ ಹಳದಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿತು. ಸಂತೆಯಲ್ಲಿ ತತ್ತಿಗೆ ಒಂದೆರಡು ರೂಪಾಯಿ ಹೆಚ್ಚು ಸಿಕ್ಕಿತು, ಮೊಟ್ಟೆಯ ಸಂಖ್ಯೆಯೇನೂ ಹೆಚ್ಚಲಿಲ್ಲ.

ಕಂಪನಿಯ ಮರಿ ಸಾಕುವವರಿಗೆ ಫೀಡ್ ಕೂಡ ಕಂಪನಿಯಿಂದಲೇ ಬರುವುದರಿಂದ ಇದನ್ನು ಮಾಡಲು ಅವಕಾಶವಿಲ್ಲ. ಸ್ವಂತ ಫೀಡ್ ಕಲಸುವವರು ಮೊದಲು ಅರ್ಧ ಶೆಡ್ಡಿಗಷ್ಟೇ ಹಾಕಿ, ಎರಡೂ ಕಡೆಯ ಫೀಡ್ ಚೀಲಗಳ ಲೆಕ್ಕವನ್ನು ಬೇರೆಬೇರೆಯಾಗಿ ಬರೆದಿಡಿ.