ಟ್ಯೂಬ್ ನಡುಗುತ್ತಿದ್ದರೆ ಮೊದಲು ಸ್ಪ್ಯಾನ್ ಅಳೆಯಿರಿ

ಒಂದು ದ್ರವದ ಬಿಸಿಯನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಟ್ಯೂಬ್ ಸೋರಿತು ಅಂದಕೂಡಲೇ ತುಕ್ಕನ್ನು ದೂರುವವರೇ ಹೆಚ್ಚು. ನಾನು ಮೊದಲು ಹೊರತೆಗೆದ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಬ್ಯಾಫಲ್ (ಟ್ಯೂಬ್‌ಗಳಿಗೆ ಆಸರೆಯಾಗಿ, ಹೊರಗಿನ ಹರಿವನ್ನು ತಿರುಗಿಸುವ ತಟ್ಟೆ) ತೂತಿನ ಜಾಗದಲ್ಲೇ ಸವೆದು ಹೊಳೆಯುತ್ತಿದೆಯೇ? ಎರಡು ಆಸರೆಗಳ ನಟ್ಟನಡುವೆ ಪಕ್ಕದ ಟ್ಯೂಬಿಗೆ ಬಡಿದು ಚಪ್ಪಟೆಯಾಗಿದೆಯೇ? ಹಾಗಿದ್ದರೆ ಅದು ಕಂಪನದ ಕೆಲಸ.

ಈಗ ಡ್ರಾಯಿಂಗ್ ತೆಗೆಯಿರಿ. ಬ್ಯಾಫಲ್‌ಗಳ ಅಂತರ ಅರ್ಧ ಮೀಟರ್ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ಬ್ಯಾಫಲ್ ಕತ್ತರಿಸಿದ ಕಿಟಕಿಯಲ್ಲಿ ಹಾಯುವ ಟ್ಯೂಬಿಗೆ ಒಂದು ಬಿಟ್ಟು ಒಂದು ಬ್ಯಾಫಲ್ ಮಾತ್ರ ಆಸರೆ. ಅದರ ಸ್ಪ್ಯಾನ್, ಅಂದರೆ ಎರಡು ಆಸರೆಗಳ ನಡುವಿನ ಉದ್ದ, 1 ಮೀಟರ್. ದ್ರವ ಒಳಬರುವ, ಹೊರಹೋಗುವ ನಾಝಲ್ ಬಳಿಯ ತುದಿ ಸ್ಪ್ಯಾನ್‌ಗಳನ್ನೂ ಬೇರೆಯಾಗಿಯೇ ಅಳೆಯಿರಿ.

ಹರಿವು ಯಾವ ವೇಗ ದಾಟಿದರೆ ಟ್ಯೂಬ್ ಜೋರಾಗಿ ನಡುಗತೊಡಗುತ್ತದೆ ಎಂಬ ಲೆಕ್ಕಕ್ಕೆ ಸಂಶೋಧಕ ಕಾನರ್ಸ್ 1970ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕು. ಮೀಟರ್ ಉದ್ದದ ತೂಕವನ್ನು ಡ್ಯಾಂಪಿಂಗ್‌ನಿಂದ (ಅಲುಗಾಟ ಎಷ್ಟು ಬೇಗ ತಗ್ಗುತ್ತದೆ ಎಂಬ ಅಳತೆ) ಗುಣಿಸಿ, ಹೊರಗಿನ ದ್ರವದ ಸಾಂದ್ರತೆ ಮತ್ತು ಹೊರವ್ಯಾಸದ ವರ್ಗ ಇವೆರಡರ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅದನ್ನು ಸಹಜ ಆವರ್ತನ (ಟ್ಯೂಬ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಸಂಖ್ಯೆ), ಹೊರವ್ಯಾಸ ಮತ್ತು ಒಂದು ಗುಣಾಂಕದಿಂದ ಗುಣಿಸಿದರೆ ಮಿತಿ ವೇಗ ಸಿಗುತ್ತದೆ. ಒಂದೇ ಸಾಲಿನ ಟ್ಯೂಬ್‌ಗಳಿಗೆ ಅವರು ಕೊಟ್ಟ ಗುಣಾಂಕ 9.9, ಇಡೀ ಬಂಡಲ್‌ಗೆ ನಾನು 3ನ್ನು ದಾಟುವುದಿಲ್ಲ. ತೂಕದಲ್ಲಿ ಟ್ಯೂಬಿನ ಒಳಗಿನ ದ್ರವವೂ, ಅದರ ಜೊತೆ ಅಲುಗುವ ಹೊರಗಿನ ದ್ರವವೂ ಸೇರಬೇಕು. ಹೋಲಿಸುವಾಗ ಟ್ಯೂಬ್‌ಗಳ ಸಂದಿಯಲ್ಲಿ ನುಗ್ಗುವ ವೇಗವನ್ನೇ ಹಿಡಿಯಿರಿ.

19.05 ಮಿ.ಮೀ. ಹೊರವ್ಯಾಸ, 2.11 ಮಿ.ಮೀ. ದಪ್ಪದ ಉಕ್ಕಿನ ಟ್ಯೂಬ್, ಒಳಗೂ ಹೊರಗೂ ನೀರು ಎಂದುಕೊಳ್ಳಿ. 1 ಮೀಟರ್ ಸ್ಪ್ಯಾನಿಗೆ ಆವರ್ತನ ಸುಮಾರು 37 ಹರ್ಟ್ಜ್. ಗುಣಾಂಕ 3, ಡ್ಯಾಂಪಿಂಗ್ 0.1 ಆದರೆ ಮಿತಿ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 1.35 ಮೀಟರ್. ಡ್ಯಾಂಪಿಂಗ್ ಇಮ್ಮಡಿಯಾದರೂ 1.9ಕ್ಕೆ ಬಂದು ನಿಲ್ಲುತ್ತದೆ. ಸ್ಪ್ಯಾನ್ ಅರ್ಧ ಮಾಡಿ ನೋಡಿ: 5.4! ಅದಕ್ಕೇ ನಾನು ಪಟ್ಟು ಹಿಡಿದು ಹೇಳುವುದು, ಕಾಗದದ ಮೇಲೆ ಡ್ಯಾಂಪಿಂಗ್ ಏರಿಸಿ ವಿನ್ಯಾಸವನ್ನು ಪಾಸು ಮಾಡಿಸಬೇಡಿ.

ಡ್ಯಾಂಪಿಂಗ್ ಅಳೆಯುವುದೇನೂ ಕಷ್ಟವಿಲ್ಲ. ಟ್ಯೂಬನ್ನು ಪಕ್ಕಕ್ಕೆಳೆದು ಬಿಡಿ, ಆಕ್ಸಿಲರೋಮೀಟರ್ ದಾಖಲೆ ನೋಡಿ. 10 ಆವರ್ತಗಳಲ್ಲಿ ಅಲುಗಾಟ ಅರ್ಧಕ್ಕಿಳಿದರೆ 2ರ ಸ್ವಾಭಾವಿಕ ಲಾಗರಿದಮ್ಮನ್ನು 10ರಿಂದ ಭಾಗಿಸಿ: 0.07. ಒಣ ಬಂಡಲ್‌ನಲ್ಲಿ ಸಿಕ್ಕ ಈ ಅಂಕಿ ಬಹುಪಾಲು ಆಸರೆಗಳ ಉಜ್ಜಾಟದ್ದು. ನೀರು ತುಂಬಿದರೆ ಬೇರೆ, ಕುದಿಯುವ ದ್ರವದಲ್ಲಿ ಮತ್ತೂ ಬೇರೆ.

ಆಸರೆ ಯಾವ ದಿಕ್ಕಿನ ಅಲುಗಾಟವನ್ನು ತಡೆಯುತ್ತದೆ ಎಂಬುದನ್ನೂ ಕೇಳಿ. ಕ್ಯಾಲಿಫೋರ್ನಿಯಾದ ಸ್ಯಾನ್ ಒನೋಫ್ರೆ ಅಣುವಿದ್ಯುತ್ ಸ್ಥಾವರದಲ್ಲಿ 2012ರಲ್ಲಿ ಸ್ಟೀಮ್ ಜನರೇಟರ್ ಟ್ಯೂಬ್ ಸೋರಿತು. ಟ್ಯೂಬ್‌ಗಳ ಯು-ಬಾಗಿನಲ್ಲಿ ಪಕ್ಕಕ್ಕೆ ಅಲುಗದಂತೆ ಕಂಪನ ತಡೆಯುವ ಪಟ್ಟಿಗಳಿದ್ದವು, ಆದರೆ ಟ್ಯೂಬ್‌ಗಳು ಬಾಗಿನ ಸಮತಲದಲ್ಲೇ ಅಲುಗಿ ಒಂದಕ್ಕೊಂದು ಉಜ್ಜಿದ್ದವು. ಆ ಸ್ಥಾವರ ಮತ್ತೆ ಚಾಲೂ ಆಗಲಿಲ್ಲ.

ಹೊಸ ವಿನ್ಯಾಸವಾದರೆ ಕಿಟಕಿಯಲ್ಲಿ ಟ್ಯೂಬ್‌ಗಳನ್ನೇ ಇಡಬೇಡಿ. ಹಳೆಯದಾದರೆ ಹರಿವು ತಗ್ಗಿಸಿ, ಉದ್ದ ಸ್ಪ್ಯಾನ್‌ಗಳ ನಡುವೆ ಲೋಹದ ಪಟ್ಟಿ ತೂರಿಸಿ ಬಿಗಿಮಾಡಿ. ಸೋರುವ ಟ್ಯೂಬಿಗೆ ಬರೀ ಪ್ಲಗ್ ಹೊಡೆದು ಬಿಟ್ಟರೆ ಅದು ಒಳಗೆ ನಡುಗುತ್ತಲೇ ಇದ್ದು, ತುಂಡಾಗಿ, ಪಕ್ಕದ ಟ್ಯೂಬ್‌ಗಳನ್ನೂ ಕೆಡಿಸಬಹುದು. ಮೊದಲು ಅದರೊಳಗೆ ಸ್ಟೆಬಿಲೈಸರ್ ಸರಳು ಹಾಕಿಸಿ, ಪ್ಲಗ್ ಆಮೇಲೆ.